ಒಂದು ಮೊಳ, ಅರ್ಧ ಗೇಣು

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ, ಅಘನಾಶಿನಿ ಅಳಿವೆಯ ದಂಡೆಯಲ್ಲಿ ಅಣ್ಣನ ಮಗ ತನ್ನ ಚೀಲ ಬಿಚ್ಚಿ ತೋರಿಸಿದ. ಒಳಗೆ ಆರು ಕುರುಡೆ ಮೀನುಗಳಿದ್ದವು. ಎಲ್ಲವೂ ಮೊಳಕ್ಕಿಂತ ಚಿಕ್ಕವು. ಒಂದಂತೂ ನನ್ನ ಅಂಗೈಗಿಂತ ತುಸುವೇ ಉದ್ದ. ಬೆಳಗಿನ ಜಾವದಿಂದ ನೀರಿನಲ್ಲಿ ನಿಂತು ಹಿಡಿದ ಮೀನುಗಳವು. ಅವನ ಮುಖದ ಹಿಗ್ಗು ನೋಡಿದ ಮೇಲೂ ‘ಭೇಷ್’ ಎನ್ನಲು ನನಗೆ ಬಾಯಿ ಬರಲಿಲ್ಲ.

ನಾನು ಹದಿಮೂರು ವರ್ಷಗಳಿಂದ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿದ್ದೇನೆ. ಅದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ಭಾಗದ ಕಡಲತಡಿಯ ಊರು. ನಮ್ಮ ಕುರುಡೆ ಅಲ್ಲಿಯೂ ಇದೆ, ಹೆಸರು ಮಾತ್ರ ಬ್ಯಾರಮುಂಡಿ. ಕುಮಟೆಯ ಕುರುಡೆ, ಕಾರವಾರದ ಕೊಂಕಣಿ ಮನೆಗಳ ಚೊಣಕ, ಅವರ ಬ್ಯಾರಮುಂಡಿ, ಮೂರೂ ಒಂದೇ ಜಾತಿಯ ಮೀನು. ಅಲ್ಲಿನ ಹೊಳೆ, ಕಡಲುಗಳಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದು ಗಾಳಕ್ಕೆ ಬಿದ್ದರೆ ಅದನ್ನು ನೀರಿಗೆ ಬಿಡಲೇಬೇಕು. 120 ಸೆಂಟಿಮೀಟರ್ ಮೀರಿದ್ದನ್ನೂ ಬಿಡಬೇಕು. ಪೂರ್ವ ಕರಾವಳಿಯಲ್ಲಿ ನವೆಂಬರ್ 1ರಿಂದ ಫೆಬ್ರವರಿ 1ರವರೆಗೆ ಅದನ್ನು ಹಿಡಿಯುವಂತೆಯೇ ಇಲ್ಲ. ನಾನು ಊರಿಗೆ ಬರುವುದು ಅದೇ ತಿಂಗಳುಗಳಲ್ಲಿ.

ಈ ಅಳತೆಗಳು ಯಾರೋ ಅಧಿಕಾರಿ ಕುರ್ಚಿಯಲ್ಲಿ ಕುಳಿತು ಬರೆದವಲ್ಲ. ಕುರುಡೆ ಮೊದಲು ಗಂಡಾಗಿ ಬಲಿಯುತ್ತದೆ. ಮೂರು ನಾಲ್ಕು ವರ್ಷಕ್ಕೆ ಸುಮಾರು ಅರವತ್ತು ಸೆಂಟಿಮೀಟರ್ ಆದಾಗ ಒಮ್ಮೆಯಾದರೂ ಸಂತಾನಕ್ಕೆ ಕೂಡಿಕೊಳ್ಳುತ್ತದೆ. ಮುಂದೆ ಮೀಟರ್ ಹತ್ತಿರ ಬೆಳೆಯುವ ಹೊತ್ತಿಗೆ ಅದೇ ಮೀನು ಹೆಣ್ಣಾಗುತ್ತದೆ. ಅಂದರೆ ದೊಡ್ಡ ಕುರುಡೆಗಳೆಲ್ಲ ಬಹುಪಾಲು ತಾಯಂದಿರು. ಚಿಕ್ಕವೆಲ್ಲ ಇನ್ನೂ ತಂದೆಯೂ ಆಗದವು. ಮಳೆ ಶುರುವಾಗುತ್ತಿದ್ದಂತೆ ಇವು ಹೊಳೆಯಿಂದ ಅಳಿವೆಯ ಉಪ್ಪುನೀರಿಗೆ ಇಳಿದು ಮೊಟ್ಟೆ ಇಡುತ್ತವೆ, ಮರಿಗಳು ಗಜನಿ ಎಂಬ ಉಪ್ಪುನೀರಿನ ಗದ್ದೆಗಳನ್ನು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾಗಿಡಗಳ ಬುಡವನ್ನು ಹುಡುಕಿಕೊಂಡು ಬರುತ್ತವೆ. ನಮ್ಮ ಅಘನಾಶಿನಿಗೆ ಇಂದಿಗೂ ಅಣೆಕಟ್ಟಿಲ್ಲ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಂಥ ಹೊಳೆ ಈ ಮೀನಿಗೆ ಇನ್ನೆಲ್ಲಿ ಸಿಕ್ಕೀತು?

ನಮ್ಮಲ್ಲೂ ನಿಷೇಧವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ದಂಡೆಯಲ್ಲಿ ಕೋಲು ಹಿಡಿದು ನಿಂತ ಹವ್ಯಾಸಿಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಅವನ ಸಂಖ್ಯೆಯೋ ನಾನು ಬರುವ ಪ್ರತಿ ಸಲವೂ ಹೆಚ್ಚುತ್ತಿದೆ. ಬೆಂಗಳೂರು, ಹುಬ್ಬಳ್ಳಿಗಳಿಂದ ಶನಿವಾರ ಬಂದು ಭಾನುವಾರ ಹಿಂದಿರುಗುವ ಹುಡುಗರು ಕಾರಿನ ಮೇಲೆ ಗಾಳದ ಕೋಲು ಕಟ್ಟಿಕೊಂಡೇ ಘಟ್ಟ ಇಳಿಯುತ್ತಾರೆ. ಅವರು ಬರಲಿ, ನನಗೆ ಸಂತೋಷವೇ. ಆದರೆ ಹೊರದೇಶದಿಂದ ಕೋಲು ತರಿಸಿಕೊಂಡವರು ಅದರ ಜೊತೆಗಿರುವ ಅಳತೆಪಟ್ಟಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ನಮಗೆ ಬೇಕಾಗಿದ್ದದ್ದು ಅಳತೆಪಟ್ಟಿಯೇ.

ಕೋಲಿನ ವಿಷಯವನ್ನೇ ನೋಡಿ. ಅಣ್ಣನ ಮಗ ಆನ್‌ಲೈನ್‌ನಲ್ಲಿ ತರಿಸಿದ್ದು ಹನ್ನೆರಡು ಅಡಿಯ ಕೋಲು. ಧಾರೇಶ್ವರದಲ್ಲೋ ಮಾಜಾಳಿಯಲ್ಲೋ, ಅಲೆ ದೂರದಲ್ಲಿ ಮುರಿಯುವ ತೆರೆದ ಕಡಲಿಗೆ ಅದು ಸರಿ. ಎಂಬತ್ತು ನೂರು ಗ್ರಾಂ ಸೀಸ ಕಟ್ಟಿ ಅಲೆಯ ಆಚೆಗೆ ಎಸೆಯಬಹುದು. ಅಳಿವೆಯಲ್ಲಿ ಕುರುಡೆ ಇರುವುದು ನಿಮ್ಮ ಕಾಲಿನಿಂದ ಹತ್ತು ಮಾರು ದೂರದಲ್ಲಿ, ಗಿಡದ ಬೇರಿನ ಸಂದಿಯಲ್ಲಿ, ಕಲ್ಲಿನ ನೆರಳಿನಲ್ಲಿ. ಹನ್ನೆರಡು ಅಡಿಯ ಕೋಲು ಮೀನಿನ ತಲೆಯ ಮೇಲಿಂದ ಗಾಳವನ್ನು ನಡುಹೊಳೆಗೆ ಒಯ್ಯುತ್ತದೆ. ಏಳು ಅಡಿಯ ಕೋಲು, ಮೂರು ಸಾವಿರ ನಂಬರಿನ ರೀಲು, ಇಪ್ಪತ್ತು ಪೌಂಡಿನ ಹೆಣೆದ ದಾರ ಇಲ್ಲಿಗೆ ಸಾಕು. ಆದರೆ ಆ ತೆಳು ದಾರಕ್ಕೆ ನೇರವಾಗಿ ಗಾಳ ಕಟ್ಟಬೇಡಿ. ಕುರುಡೆಯ ಕಿವಿರಿನ ಮುಚ್ಚಳ ಕತ್ತಿಯಂತೆ ಹರಿತ. ಬಂಡೆಗೆ ಅಂಟಿದ ಚಿಪ್ಪುಗಳೂ ಹಾಗೆಯೇ. ತುದಿಗೆ ಅರ್ಧ ಮಾರಿನಷ್ಟು ನಲವತ್ತು ಪೌಂಡಿನ ದಪ್ಪ ತಂಗೂಸ್ (ನೈಲಾನ್ ಎಳೆ) ಸೇರಿಸಿದರೆ ಮೀನೂ ಉಳಿಯುತ್ತದೆ, ಗಾಳವೂ ಉಳಿಯುತ್ತದೆ.

ಇಷ್ಟೆಲ್ಲ ಬರೆದ ಮೇಲೂ ಹೇಳುತ್ತೇನೆ, ನಮ್ಮ ದೊಡ್ಡಪ್ಪ ಕೋಲನ್ನೇ ಮುಟ್ಟಿದವರಲ್ಲ. ಮರದ ತುಂಡಿಗೆ ಸುತ್ತಿದ ತಂಗೂಸ್, ತೋರುಬೆರಳಿನ ಮೇಲೆ ಹಾಯಿಸಿದ ಅದರ ಒಂದು ಎಳೆ, ಜೀವಂತ ಶೆಟ್ಲಿ (ಸಿಗಡಿ), ಇಷ್ಟೇ ಅವರ ಸಲಕರಣೆ. ಶೆಟ್ಲಿಯ ತಲೆಯೊಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದಂತೆ ಗಾಳವನ್ನು ಕೊಂಬಿನ ಬುಡದಲ್ಲಿ ಚುಚ್ಚಿದರೆ ಅದು ಗಂಟೆಗಟ್ಟಲೆ ಈಜುತ್ತಿರುತ್ತದೆ ಎಂಬುದನ್ನು ಕಲಿಸಿದವರು ಅವರೇ. ಮೀನು ಮೂಸುತ್ತಿದೆಯೋ ನುಂಗುತ್ತಿದೆಯೋ ಎಂಬ ವ್ಯತ್ಯಾಸವನ್ನು ಆ ಬೆರಳು ಹೇಳುವಷ್ಟು ಸ್ಪಷ್ಟವಾಗಿ ನನ್ನ ದುಬಾರಿ ಕೋಲು ಇಂದಿಗೂ ಹೇಳಿಲ್ಲ.

ದೊಡ್ಡಪ್ಪನ ಸಲಕರಣೆಯಲ್ಲಿ ನಾನು ಬದಲಿಸಿದ್ದು ಒಂದನ್ನೇ, ಗಾಳವನ್ನು. ಮೊನೆ ಒಳಕ್ಕೆ ಬಾಗಿದ ದುಂಡು ಗಾಳಗಳನ್ನು ಒಂದು ಪೊಟ್ಟಣ ತಂದುಕೊಟ್ಟೆ. ನಮ್ಮ ಸಾಮಾನ್ಯ ಗಾಳವನ್ನು ಮೀನು ಹೊಟ್ಟೆಯವರೆಗೆ ನುಂಗಿಬಿಡುತ್ತದೆ, ಬಿಡಿಸುವಷ್ಟರಲ್ಲಿ ಕಿವಿರು ಹರಿದು ಸಾಯುತ್ತದೆ. ದುಂಡು ಗಾಳ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಜೊಂಯ್ಯೆಂದು ಎಳೆಯುವ ಅಭ್ಯಾಸ ಬಿಡಬೇಕು. ಮೀನು ಒಯ್ಯಲಿ ಎಂದು ಬಿಟ್ಟು, ದಾರ ಬಿಗಿಯಾದಾಗ ನಿಧಾನವಾಗಿ ಸುತ್ತಬೇಕು. ದೊಡ್ಡಪ್ಪ ಎರಡು ದಿನ ಮೀನು ತಪ್ಪಿಸಿಕೊಂಡರು, ಮೂರನೆಯ ದಿನ ಕಲಿತರು. ಬಿಡಬೇಕಾದ ಮೀನನ್ನು ಬದುಕಿರುವಾಗಲೇ ಬಿಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಿ. ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ.

ಭರತ ಇಳಿತದ ಲೆಕ್ಕದಲ್ಲಿ ಅಲ್ಲಿಂದ ಏನನ್ನೂ ತರಬೇಕಾಗಿಲ್ಲ. ಟೌನ್ಸ್‌ವಿಲ್‌ನಲ್ಲಿ ನಾನು ಸರ್ಕಾರ ಅಚ್ಚು ಹಾಕಿಸುವ ವೇಳಾಪಟ್ಟಿ ನೋಡಿ ಹೊರಡುತ್ತೇನೆ. ದೊಡ್ಡಪ್ಪ ತಿಥಿ ಕೇಳಿ ಹೊರಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನಮ್ಮ ಕಡೆ ಭರತ ಏರಿ ನಿಲ್ಲುವುದು ಮಧ್ಯಾಹ್ನದ ಆಸುಪಾಸಿನಲ್ಲಿ. ಅಂದು ಹೊತ್ತು ಹುಟ್ಟುವಾಗ ನೀರು ಏರಲು ತೊಡಗಿರುತ್ತದೆ. ಅಲ್ಲಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ, ಅಷ್ಟಮಿಯ ಹೊತ್ತಿಗೆ ಭರತ ಮುಂಜಾನೆ ಮತ್ತು ಮುಸ್ಸಂಜೆಗೆ ಬಂದಿರುತ್ತದೆ. “ತಮ್ಮಾ, ಅಮಾವಾಸ್ಯೆಗೆ ನೀರು ಅವಸರ, ಅಷ್ಟಮಿಗೆ ಸಾವಕಾಶ” ಎನ್ನುತ್ತಾರೆ ದೊಡ್ಡಪ್ಪ. ಹೊಸಬರು ಅಷ್ಟಮಿಯ ಸಂಜೆಯಿಂದ ಶುರುಮಾಡಲಿ. ಸೆಳೆತ ಕಡಿಮೆ, ಸಣ್ಣ ಸೀಸ ಸಾಕು, ಕಾಲು ತಪ್ಪುವ ಭಯವೂ ಕಡಿಮೆ.

ಇನ್ನೊಂದು ಸುಖ ಊರಲ್ಲಿದೆ. ಸೊಂಟಮಟ್ಟ ನೀರಿನಲ್ಲಿ ನಿಂತು ಗಾಳ ಹಾಕುವುದು. ಟೌನ್ಸ್‌ವಿಲ್‌ನಲ್ಲಿ ಹದಿಮೂರು ವರ್ಷಗಳಲ್ಲಿ ಒಮ್ಮೆಯೂ ನಾನು ಹಾಗೆ ನಿಂತಿಲ್ಲ. ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ನೀರಿನ ಅಂಚಿನಿಂದ ಐದು ಮೀಟರ್ ದೂರ ನಿಲ್ಲಬೇಕು. ಬೇಸಿಗೆಯಲ್ಲಿ ಪ್ರಾಣ ತೆಗೆಯುವ ಲೋಳೆಮೀನುಗಳೂ ಬರುತ್ತವೆ. ಅಘನಾಶಿನಿಯಲ್ಲಿ ಕಾಲ ಕೆಳಗೆ ಬಳಚು ಚಿಪ್ಪು ಹೊರಳುವುದು ಅಂಗಾಲಿಗೆ ತಿಳಿಯುತ್ತದೆ. ಮೊದಲ ದಿನ ನೀರಿಗಿಳಿದಾಗ ಪ್ರತಿ ವರ್ಷವೂ ನನ್ನ ಕಣ್ಣು ತುಂಬುತ್ತದೆ.

ಬರುವ ದಾರಿಯನ್ನೂ ಹೇಳಿಬಿಡುತ್ತೇನೆ. ಮುಂಬೈ ಕಡೆಯವರಿಗೆ ಮತ್ಸ್ಯಗಂಧ ರೈಲು ಕುಮಟೆಯಲ್ಲಿ ನಿಲ್ಲುತ್ತದೆ; ಅಲ್ಲಿಂದ ಅಘನಾಶಿನಿ ಊರಿಗೆ ಬಸ್ಸೋ ಟೆಂಪೊವೋ ಸಿಗುತ್ತದೆ, ಹೊಳೆ ದಾಟಿದರೆ ತದಡಿ. ಕಾರವಾರಕ್ಕೆ ಹೋಗುವವರು ಬಸ್ಸಿನಲ್ಲೇ ಹೋಗುವುದು ಲೇಸು. ರೈಲು ನಿಲ್ದಾಣ ಶಿರವಾಡದಲ್ಲಿ, ಊರಿನಿಂದ ದೂರ; ಬಸ್ ನಿಲ್ದಾಣದಿಂದಾದರೆ ಟ್ಯಾಗೋರ್ ಕಡಲತೀರಕ್ಕೆ ನಡೆದೇ ಹೋಗಬಹುದು. ದಕ್ಷಿಣಕ್ಕೆ ಅರ್ಗಾ ಕಡೆಯ ದಂಡೆ ನೌಕಾನೆಲೆಯದು, ಅಲ್ಲಿ ಕೋಲು ಹಿಡಿದು ಅಲೆಯಬೇಡಿ. ಬೈತಖೋಲ್, ತದಡಿಯ ಧಕ್ಕೆಗಳು ದುಡಿಯುವವರ ಜಾಗ. ಬಲೆ ಒಣಗಿಸಿದಲ್ಲಿ ನಡೆಯಬೇಡಿ, ದೋಣಿ ಬರುವಲ್ಲಿ ಗಾಳ ಹಾಕಬೇಡಿ, ನಿಲ್ಲುವ ಮೊದಲು ಅಲ್ಲಿದ್ದವರನ್ನು ಕೇಳಿ. ಟೌನ್ಸ್‌ವಿಲ್‌ನಲ್ಲಿ ನಾನು ಹೋಗುವ ಜೆಟ್ಟಿಯಲ್ಲಿ ತುಂಡಾದ ದಾರ ಹಾಕಲು ಒಂದು ಕೊಳವೆ ಇದೆ. ಇಲ್ಲಿ ಅದಿಲ್ಲ, ಹಾಗಾಗಿ ದಾರ ಜೇಬಿಗೆ ಹೋಗಬೇಕು. ಕಾಲಿಗೆ ತಂಗೂಸ್ ಸುತ್ತಿಕೊಂಡ ಬೆಳ್ಳಕ್ಕಿಯನ್ನು ಬಿಡಿಸಿದ ದಿನದಿಂದ ನಾನು ಈ ಮಾತನ್ನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಅಣ್ಣನ ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. “ಚಿಕ್ಕಪ್ಪ, ಬಲೆಯವರು ಬುಟ್ಟಿಗಟ್ಟಲೆ ಮರಿ ಹಿಡಿಯುತ್ತಾರೆ. ನಾನು ಒಂದು ಬಿಟ್ಟರೆ ಏನಾಗುತ್ತದೆ?”

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮರಿ ಹಿಡಿಯುವ ಬಲೆಯಿಂದಲೇ ಹೆಚ್ಚು ಹಾನಿ ಎಂಬುದು ನಿಜ. ಆದರೆ ಅಂಬಿಗರ, ಹರಿಕಂತ್ರರ ಮನೆಯಲ್ಲಿ ಅಂದಿನ ಬಲೆ ಅಂದಿನ ಅಕ್ಕಿ. ನಮ್ಮ ಕೋಲು ಯಾರ ಮನೆಯ ಅಕ್ಕಿಯೂ ಅಲ್ಲ, ಅದು ನಮ್ಮ ಖುಷಿ. ಹಸಿವಿಲ್ಲದವನೇ ಮೊದಲು ಕೈ ಹಿಂದೆಗೆಯಬೇಕು. ನಾವು ಬೆರಳುದ್ದದ ಮೀನನ್ನು ಮನೆಗೆ ಒಯ್ಯುತ್ತ ಅವರಿಗೆ ಬಲೆಯ ಕಣ್ಣಿನ ಪಾಠ ಹೇಳುವ ಮುಖ ನಮಗಿಲ್ಲ. ಏಡಿಯ ವಿಷಯದಲ್ಲೂ ಹೀಗೆಯೇ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೆಸರಿನ ಏಡಿಯ ಹೆಣ್ಣನ್ನು ಹಿಡಿಯುವಂತೆಯೇ ಇಲ್ಲ, ಗಂಡಾದರೂ ಚಿಪ್ಪಿನ ಅಗಲ 15 ಸೆಂಟಿಮೀಟರ್ ಇರಬೇಕು. ನಮ್ಮಲ್ಲಿ ಮೊಟ್ಟೆ ತುಂಬಿದ ಹೆಣ್ಣಿಗೇ ಬೇಡಿಕೆ. ನಮ್ಮ ಮನೆಯಲ್ಲಿಯೂ ಅದನ್ನು ಬಡಿಸಿದ್ದಾರೆ, ನಾನು ತಿಂದಿದ್ದೇನೆ. ಈಗ ತಿನ್ನುವುದಿಲ್ಲ.

ಹುಡುಗ ಸುಮ್ಮನಾದ, ಒಪ್ಪಲಿಲ್ಲ. “58 ಅಂದರೆ ಎಷ್ಟು? ನೀರಿನಲ್ಲಿ ಪಟ್ಟಿ ಹಿಡಿದುಕೊಂಡು ನಿಲ್ಲಲೇ?” ಎಂದ. ಅಷ್ಟು ಹೊತ್ತು ತಂಗೂಸ್ ಸುತ್ತುತ್ತಿದ್ದ ದೊಡ್ಡಪ್ಪ ಚೀಲದಿಂದ ಅತಿ ದೊಡ್ಡ ಮೀನನ್ನು ಎತ್ತಿ ಮರಳಿನ ಮೇಲೆ ಮಲಗಿಸಿದರು. ಪಕ್ಕದಲ್ಲಿ ಮೊಣಕೈ ಊರಿ ಕೈ ಚಾಚಿದರು. ಮೀನಿನ ಬಾಲ ಅವರ ಉಂಗುರದ ಗಂಟಿನವರೆಗೆ ಬಂತು. “ಅವನು ಹೇಳುವ ಅಳತೆ ಎಷ್ಟು?” ಎಂದು ಕೇಳಿ, ನಾನು ನೆಲದ ಮೇಲೆ ಗೆರೆ ಎಳೆದು ತೋರಿಸಿದ ಮೇಲೆ ಮೊಳದ ಮುಂದಕ್ಕೆ ಗೇಣನ್ನು ಅರ್ಧ ಬಿಚ್ಚಿ ಇಟ್ಟರು. ಒಂದು ಮೊಳ, ಅರ್ಧ ಗೇಣು. ಗೆರೆಗೆ ಸರಿಹೋಯಿತು. ಏಡಿಗೆ ಗೇಣಿನಲ್ಲಿ ನಾಲ್ಕು ಬೆರಳು ಕಳೆದರಾಯಿತು ಎಂದೂ ಅವರೇ ಲೆಕ್ಕ ಹಾಕಿದರು.

ಹುಡುಗ ಏನೂ ಹೇಳದೆ ಚೀಲ ಕಟ್ಟಿದ. ಆ ರಾತ್ರಿ ನಾವು ಆ ಆರು ಮೀನುಗಳನ್ನು ತಿಂದೆವು.

ಕಳೆದ ವಾರ ಅವನಿಂದ ಒಂದು ಚಿತ್ರ ಬಂತು. ಹನ್ನೆರಡು ಅಡಿಯ ಕೋಲನ್ನು ಮಾರಿ ಏಳು ಅಡಿಯದು ಕೊಂಡಿದ್ದಾನೆ. ಹಿಡಿಕೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದಾನೆ. ಒಂದು ಕುರುಡೆಗೆ, ಇನ್ನೊಂದು ಏಡಿಗೆ. ಕೆಳಗೆ ಬರೆದಿದ್ದ: “ನೊಗ್ಲಿ ಮೀನಿಗೆ ಎಲ್ಲಿ ಗೆರೆ ಹಾಕಲಿ?”

ದೊಡ್ಡಪ್ಪನನ್ನು ಕೇಳು ಎಂದು ಬರೆದಿದ್ದೇನೆ.