ಅಣುಸ್ಥಾವರದ ಸುರಕ್ಷತೆ: ಸಂಭವನೀಯತೆಯ ಲೆಕ್ಕವನ್ನು ನಂಬಿ ನಿರ್ಧರಿಸಬಹುದೇ?

ಪರ: ಎಲ್ಲಿ ಸಡಿಲವಿದೆ ಎಂದು ಹೇಳುವುದು ಲೆಕ್ಕವೇ

ರಿಯಾಕ್ಟರ್ ವಿನ್ಯಾಸಕಾರರನ್ನು ಬಹುಕಾಲ ಕಾಡಿದ್ದು ಇಂಧನವನ್ನು ತಂಪಾಗಿಡುವ ನೀರಿನ (ಶೀತಕದ) ದೊಡ್ಡ ಕೊಳವೆ ಒಮ್ಮೆಲೇ ತುಂಡಾದರೇನು ಎಂಬ ಭಯ. 1975ರಲ್ಲಿ ಅಮೆರಿಕದ ನಾರ್ಮನ್ ರಾಸ್‌ಮುಸೆನ್ ತಂಡ ಸಂಭವನೀಯತೆಯ ಲೆಕ್ಕ ಹಾಕಿದಾಗ ಅಪಾಯದ ದೊಡ್ಡ ಪಾಲು ಬೇರೆಡೆ ಕಂಡಿತು: ಸಣ್ಣ ಸೋರಿಕೆ, ಸಿಬ್ಬಂದಿಯ ತಪ್ಪು. 1979ರ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಆದದ್ದು ಅದೇ. ಒತ್ತಡ ಇಳಿಸಲು ತೆರೆದ ವಾಲ್ವ್ ಮತ್ತೆ ಮುಚ್ಚಲಿಲ್ಲ. ಫಲಕದ ದೀಪ ತಿಳಿಸುತ್ತಿದ್ದುದು ವಾಲ್ವಿಗೆ ಹೋದ ಆಜ್ಞೆಯನ್ನು, ವಾಲ್ವಿನ ಸ್ಥಿತಿಯನ್ನಲ್ಲ. ನೀರು ಹೆಚ್ಚಾಯಿತೆಂದು ತಿಳಿದ ಸಿಬ್ಬಂದಿ ತುರ್ತು ಪಂಪುಗಳ ಹರಿವನ್ನೇ ತಗ್ಗಿಸಿದರು.

ವಿಧಾನ ಸರಳ, ಕೆಲಸ ಮಾತ್ರ ಅಗಾಧ. ವಿದ್ಯುತ್ ಹೋಗುವುದು, ಕೊಳವೆ ಒಡೆಯುವುದು ಮುಂತಾದ ಆರಂಭಿಕ ಘಟನೆಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ನಂತರ ಯಾವ ರಕ್ಷಣೆ ಕೆಲಸ ಮಾಡೀತು, ಯಾವುದು ಮಾಡದು ಎಂದು ಕವಲು ಕವಲಾಗಿ ಬರೆಯುತ್ತಾರೆ. ಕೊನೆಗೆ, ಕನಿಷ್ಠ ಯಾವ ಭಾಗಗಳು ಒಟ್ಟಿಗೆ ಕೆಟ್ಟರೆ ಇಂಧನ ಕರಗುತ್ತದೆ ಎಂಬುದು ಹೊರಬೀಳುತ್ತದೆ.

ಸುಮ್ಮನೆ ನಿಂತಿರುವ ತುರ್ತು ಪಂಪನ್ನು ನೋಡಿ. ಅದು ಕೆಟ್ಟರೂ ಮುಂದಿನ ಪರೀಕ್ಷೆಯವರೆಗೆ ಗೊತ್ತಾಗದು. ಗಂಟೆಗೆ ಲಕ್ಷದಲ್ಲಿ 1ರ ದರದಲ್ಲಿ ಕೆಡುವ ಪಂಪನ್ನು 720 ಗಂಟೆಗೊಮ್ಮೆ ಪರೀಕ್ಷಿಸಿದರೆ, ಬೇಕಾದಾಗ ಅದು ಕೈಕೊಡುವ ಸಂಭವ ಸುಮಾರು 0.0036. ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿದರೆ 0.0108. ಹಾಗೆಂದು ದಿನವೂ ಚಾಲೂ ಮಾಡುವಂತಿಲ್ಲ. ಅಂಥ ಪಂಪನ್ನು ಓಡಿಸುವ ತಣ್ಣಗಿನ ಡೀಸೆಲ್ ಎಂಜಿನ್‌ಗೆ ಪ್ರತಿ ದಿಢೀರ್ ಆರಂಭವೂ ಸವೆತವೇ.

ಇನ್ನೊಂದು ಉದಾಹರಣೆ. ನೂರರಲ್ಲಿ ಒಮ್ಮೆ ಕೈಕೊಡುವ ಎರಡು ತುರ್ತು ಡೀಸೆಲ್ ಜನರೇಟರ್‌ಗಳು ಒಟ್ಟಿಗೆ ಕೆಡುವುದು 10,000ದಲ್ಲಿ 1 ಎಂದು ತೋರುತ್ತದೆ. ಆದರೆ ಕೆಡುಕುಗಳಲ್ಲಿ ಶೇ 5 ಕಲಬೆರಕೆ ಇಂಧನದಂಥ ಸಮಾನ ಕಾರಣದಿಂದ ಬಂದರೆ, ಆ ಪಾಲೊಂದೇ 2,000ದಲ್ಲಿ 1. ಅದೇ ಮಾದರಿಯ ಮೂರನೆಯದನ್ನು ಕೊಂಡರೆ ಹಣ ಹೋದೀತು, ಈ ಅಂಕಿ ಅಷ್ಟಾಗಿ ಇಳಿಯದು. ಬೇರೆ ಕೋಣೆ, ಬೇರೆ ತಂಪುವ್ಯವಸ್ಥೆ ಬೇಕು. ಅನುಭವಿ ಎಂಜಿನಿಯರನ ಅಂದಾಜೂ ಇಲ್ಲಿ ಸುಲಭವಾಗಿ ತಪ್ಪುತ್ತದೆ.

ವಿರೋಧ: ಪಟ್ಟಿಯಲ್ಲಿಲ್ಲದ್ದಕ್ಕೆ ಲೆಕ್ಕವಿಲ್ಲ

ಶೇ 5 ಎಂಬ ಆ ಅಂಕಿ ಹಿಂದೆ ಕೆಟ್ಟ ಯಂತ್ರಗಳಿಂದ ಬಂದದ್ದು. ಮುಂದೆ ಬರುವ ಅಲೆಯ ಎತ್ತರ ಅದಕ್ಕೇನು ಗೊತ್ತು?

ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದಲ್ಲಿ ಸುನಾಮಿಗೆ ಇಟ್ಟುಕೊಂಡಿದ್ದ ಎತ್ತರ 5.7 ಮೀಟರ್. 2011ರ ಮಾರ್ಚ್ 11ರಂದು ಬಂದದ್ದು ಸುಮಾರು 14 ಮೀಟರಿನದು. ಇನ್ನೂ ಕಲಿಯಬೇಕಾದ್ದು ಬೇರೆ: 2 ಮತ್ತು 4ನೇ ಘಟಕಗಳ ಗಾಳಿತಂಪಿನ ಜನರೇಟರ್‌ಗಳು ಮುಳುಗಲೇ ಇಲ್ಲ. ಅವುಗಳ ವಿದ್ಯುತ್ ಹಂಚುವ ಸ್ವಿಚ್‌ಗೇರ್ ನೆಲಮಾಳಿಗೆಯಲ್ಲಿತ್ತು, ಅದು ಮುಳುಗಿತು. ಬೇರೆ ಕಟ್ಟಡ, ಬೇರೆ ತಂಪುವ್ಯವಸ್ಥೆ ಎರಡೂ ಇದ್ದು ಫಲ ಸಿಗಲಿಲ್ಲ.

ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ 1993ರಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಹೈಡ್ರೋಜನ್ ಹೊತ್ತಿ, ಬೆಂಕಿ ಕೇಬಲ್‌ಗಳಿಗೆ ಹಬ್ಬಿತು. ಒಂದಕ್ಕೊಂದು ಬದಲಿಯಾಗಬೇಕಿದ್ದ ವ್ಯವಸ್ಥೆಗಳ ಕೇಬಲ್‌ಗಳು ಒಟ್ಟಿಗೇ ಸುಟ್ಟವು. ಸುಮಾರು 17 ಗಂಟೆ ಸ್ಥಾವರಕ್ಕೆ ವಿದ್ಯುತ್ತಿಲ್ಲ. ಕೈಹಿಡಿದದ್ದು ಬೆಂಕಿ ಆರಿಸಲೆಂದಿದ್ದ ಡೀಸೆಲ್ ಪಂಪುಗಳು. ಕಾಗದದ ಮೇಲೆ ಪ್ರತ್ಯೇಕವಾಗಿದ್ದ ವ್ಯವಸ್ಥೆಗಳು ಒಂದೇ ದಾರಿಯಲ್ಲಿ ಹಾದಿವೆಯೇ ಎಂಬುದು ನೆಲದ ಮೇಲೆ ನಡೆದು ನೋಡಿದರೆ ಮಾತ್ರ ಕಾಣುತ್ತದೆ.

ಇಂಧನಗರ್ಭ (ರಿಯಾಕ್ಟರಿನ ಇಂಧನವಿರುವ ಒಳಭಾಗ) ಹಾಳಾಗುವುದು ರಿಯಾಕ್ಟರ್ ಒಂದಕ್ಕೆ 10,000 ವರ್ಷಕ್ಕೊಮ್ಮೆಗಿಂತ ವಿರಳವಿರಬೇಕೆಂಬುದು ಹಳೆಯ ಸ್ಥಾವರಗಳ ಗುರಿ. 2011ರ ವೇಳೆಗೆ ಜಗತ್ತಿನ ಒಟ್ಟು ಅನುಭವ ಸುಮಾರು 14,000 ರಿಯಾಕ್ಟರ್-ವರ್ಷ (ಒಂದು ರಿಯಾಕ್ಟರ್ ಒಂದು ವರ್ಷ ಓಡಿದರೆ ಒಂದು). ತ್ರೀ ಮೈಲ್ ಐಲೆಂಡ್, ಚೆರ್ನೋಬಿಲ್, ಫುಕುಶಿಮಾದ ಮೂರು ಸೇರಿದರೆ ಹಾಳಾದವು 5. ವಿನ್ಯಾಸಗಳು ಬೇರೆಬೇರೆ, ಒಪ್ಪೋಣ. ಅಂತರ ಆದರೂ ದೊಡ್ಡದು.

ಲೆಕ್ಕದ ಬಲದ ಮೇಲೆ ಹೊಸ ರಕ್ಷಣೆ ಸೇರಿಸಲಿ, ತಕರಾರಿಲ್ಲ. ತಪಾಸಣೆಯನ್ನು ಮುಂದೂಡಲು ಅದನ್ನು ಬಳಸುವುದೇ ತಪ್ಪು. ಅಮೆರಿಕದ ಡೇವಿಸ್-ಬೆಸ್ಸಿ ಸ್ಥಾವರವನ್ನು 2001ರ ಡಿಸೆಂಬರ್ ಅಂತ್ಯದೊಳಗೆ ನಿಲ್ಲಿಸಿ ರಿಯಾಕ್ಟರ್ ಮುಚ್ಚಳ ಪರೀಕ್ಷಿಸಬೇಕಿತ್ತು. ಅಪಾಯ ಅಲ್ಪ ಎಂಬ ಲೆಕ್ಕವೂ ಸೇರಿದ ವಾದಕ್ಕೆ ನಿಯಂತ್ರಕರು ಒಪ್ಪಿ ಫೆಬ್ರುವರಿವರೆಗೆ ಓಡಿಸಲು ಬಿಟ್ಟರು. ಮಾರ್ಚ್‌ನಲ್ಲಿ ನೋಡಿದಾಗ, 16 ಸೆಂ.ಮೀ.ಗೂ ದಪ್ಪದ ಉಕ್ಕನ್ನು, ಸೋರಿದ ಶೀತಕ ನೀರಿನಲ್ಲಿದ್ದ ಬೋರಿಕ್ ಆಮ್ಲ ಒಂದೆಡೆ ಪೂರ್ತಿ ತಿಂದುಹಾಕಿತ್ತು. ವಾತಾವರಣದ ಸುಮಾರು 150 ಪಟ್ಟು ಒತ್ತಡವನ್ನು ಅಲ್ಲಿ ತಡೆದು ನಿಂತಿದ್ದುದು ಒಳಗಿನ 1 ಸೆಂ.ಮೀ.ನಷ್ಟು ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಪದರ.