ಹಳೇ ಸುರಂಗ ರೈಲಿಗೆ ಹಾಸನದಲ್ಲಿ ತಿಥಿ

ಹಾಸನದಲ್ಲಿ ನೆಲದಡಿಗೆ ಇಳಿದಿರುವುದು ಮೂರೇ: ಬೋರ್‌ವೆಲ್ ಪೈಪು, ಒಳಚರಂಡಿ, ಆಲೂಗಡ್ಡೆ. ಈಗ ನಾಲ್ಕನೆಯದಾಗಿ ನಮ್ಮವರ ದುಃಖವೂ ಇಳಿದಿದೆ. ಲಂಡನ್ನಿನ ಪಿಕಡಿಲಿ ಮಾರ್ಗದಲ್ಲಿ ಓಡುವ 1973ರ ಮಾದರಿಯ ಸುರಂಗ ರೈಲುಗಳನ್ನು ತೆಗೆದು ಹೊಸವನ್ನು ಬಿಡುತ್ತಾರಂತೆ ಎಂಬ ಸುದ್ದಿ ಬಂದಾಗಿನಿಂದ ಬಿ.ಎಂ. ರಸ್ತೆಯ ಕಾಫಿ ಟೇಬಲ್ಲುಗಳಿಗೆ ಸೂತಕ. "ಆ ಸದ್ದು ಇನ್ನು ಕೇಳಲ್ಲ ಕಣಣ್ಣಾ" ಎಂದು ಒಬ್ಬರು ಕಣ್ಣೊರೆಸಿಕೊಂಡರೆ, "ಆ ಸೀಟಿನ ಬಟ್ಟೆ ಇತ್ತಲ್ಲ, ಆ ಬಟ್ಟೆ..." ಎಂದು ಇನ್ನೊಬ್ಬರು ಮಾತು ಮುಗಿಸಲಾರದೆ ಬೈಟು ಕಾಫಿ ಹೇಳುತ್ತಾರೆ. ಸದ್ದು ಕೇಳಿದ್ದು ಮೊಬೈಲಿನಲ್ಲಿ. ಬಟ್ಟೆ ಕಂಡಿದ್ದು ಯಾರೋ ಕಳಿಸಿದ ಫೋಟೋದಲ್ಲಿ. ಸಂಬಂಧವಿಲ್ಲದ ಸಾವಿಗೆ ಹೀಗೆ ಗೋಳಾಡುವವನನ್ನು ಕಂಡರೆ ಹಳ್ಳಿ ಕಡೆ "ತಿಥಿ ಯಾವತ್ತು ಅಂತ ಕೇಳಕ್ಕೆ ಬಂದವ್ನೆ" ಅನ್ನುತ್ತಾರೆ.

ಅಳಬೇಡಿ ಅನ್ನಲು ನಾವ್ಯಾರು? ಆದರೆ ಅಳುವುದಾದರೆ ಯಾವ ಬಿಡಿಭಾಗಕ್ಕೆ ಅಳುತ್ತಿದ್ದೇವೆ ಎಂದು ತಿಳಿದು ಅಳಬೇಕು. ಇಲ್ಲದಿದ್ದರೆ ಹೆಣ ಒಂದು ಬೀದಿಯಲ್ಲಿ, ತಮಟೆ ಇನ್ನೊಂದು ಬೀದಿಯಲ್ಲಿ.

ಮೊದಲು ಆ ಸದ್ದಿನ ವಿಚಾರ. ಹಳೇ ರೈಲು ಹೊರಡುವಾಗ ಕಾಲಡಿಯಿಂದ ಕಟಕ್, ಕಟಕ್, ಕಟಕ್ ಎಂದು ಬರುತ್ತದಲ್ಲ, ಅದಕ್ಕೆ ನಮ್ಮವರು 'ಎದೆಬಡಿತ' ಎಂದು ಹೆಸರಿಟ್ಟಿದ್ದಾರೆ. ಅದು ಕ್ಯಾಮ್‌ಶಾಫ್ಟು. ನಿಂತಿರುವ ಡಿಸಿ ಮೋಟಾರಿಗೆ ಪೂರ್ತಿ ವೋಲ್ಟೇಜನ್ನು ಒಮ್ಮೆಲೇ ಕೊಟ್ಟರೆ ಕರೆಂಟು ಮಿತಿಮೀರಿ ಹರಿದು ಮೋಟಾರು ಸುಡುತ್ತದೆ, ಚಕ್ರ ನಿಂತಲ್ಲೇ ಜಾರುತ್ತದೆ. ಅದಕ್ಕಾಗಿ ನಡುವೆ ರೆಸಿಸ್ಟರುಗಳ ಸಾಲು ಇಡುತ್ತಾರೆ. ವೇಗ ಏರಿದಂತೆ ಕ್ಯಾಮ್‌ಶಾಫ್ಟ್ ಒಂದೊಂದೇ ಮೆಟ್ಟಿಲು ತಿರುಗಿ ಒಂದೊಂದೇ ರೆಸಿಸ್ಟರನ್ನು ದಾರಿಯಿಂದ ತೆಗೆಯುತ್ತದೆ. ಮೋಟಾರುಗಳು ಮೊದಲು ಸೀರೀಸಿನಲ್ಲಿ, ಆಮೇಲೆ ಪ್ಯಾರಲಲ್ಲಿನಲ್ಲಿ. ಮೆಟ್ಟಿಲಿಗೊಂದು ಕಟಕ್, ಕಟಕ್ಕಿಗೊಂದು ಜಗ್ಗು, ಜಗ್ಗಿಗೊಮ್ಮೆ ನಿಂತವರು ಪಕ್ಕದವರ ಕಾಲು ತುಳಿಯುವುದು. ಕರೆಂಟು ಸೇರಿಸಿ ಬಿಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರಿನ ಮುಖ ಕಿಡಿಗೆ ಸುಟ್ಟು ಗುಳಿಬಿದ್ದರೆ ಅಂಟಿಕೊಳ್ಳುತ್ತದೆ, ಆಗ ಡಿಪೋದಲ್ಲಿ ಯಾರೋ ಬಗ್ಗಿ ಕೂತು ಅದನ್ನು ಬದಲಿಸಬೇಕು. ಮೋಟಾರಿನ ಕಾರ್ಬನ್ ಬ್ರಷ್ಷು ಸವೆಯುವುದು ಇನ್ನೊಂದು ಲೆಕ್ಕ. ಹೊಸ ರೈಲಿನಲ್ಲಿ ಇನ್ವರ್ಟರು, ಎಸಿ ಮೋಟಾರು. ಬ್ರಷ್ಷೂ ಇಲ್ಲ, ಕಟಕ್ಕೂ ಇಲ್ಲ.

ನಮ್ಮ ಮನೆಗಳಲ್ಲೂ ಇದೇ ಜಾತಿಯದೊಂದಿತ್ತು: ಸೀಲಿಂಗ್ ಫ್ಯಾನಿನ ಹಳೇ ರೆಗ್ಯುಲೇಟರು. ಗೋಡೆಯ ಮೇಲೆ ದಪ್ಪ ಡಬ್ಬಿ, ತಿರುಗಿಸಿದರೆ ಕಟಕ್, ಮುಟ್ಟಿದರೆ ಬಿಸಿ. ಒಳಗಿದ್ದದ್ದೂ ರೆಸಿಸ್ಟರೇ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂದು ಅದು ಗುಜರಿಗೆ ಹೋದ ದಿನ ಹಾಸನದಲ್ಲಿ ಯಾರೂ ತಲೆ ಬೋಳಿಸಿದ್ದು ಕಾಣೆ.

ಇನ್ನು 'ಆ ಬೆಚ್ಚನೆಯ ಗಾಳಿ'. ಇದಕ್ಕೆ ಅಳುವವರೇ ಹೆಚ್ಚು, ಅದರಲ್ಲೂ ಡಿಸೆಂಬರಿನಲ್ಲಿ. ಲಂಡನ್ನಿನ ಆಳದ ಸುರಂಗಗಳನ್ನು ಜೇಡಿಮಣ್ಣಿನಲ್ಲಿ ಕೊರೆದಾಗ ಆ ಮಣ್ಣಿನ ಉಷ್ಣಾಂಶ ಸುಮಾರು 14 ಡಿಗ್ರಿ. ಬೇಸಿಗೆಯಲ್ಲಿ ತಂಪಿಗೆ ಇಲ್ಲಿಗೆ ಬನ್ನಿ ಎಂದು ರೈಲಿನವರೇ ಪೋಸ್ಟರ್ ಅಂಟಿಸಿದ್ದ ಕಾಲವದು. ನೂರು ವರ್ಷದ ಬ್ರೇಕು, ಮೋಟಾರು, ರೆಸಿಸ್ಟರುಗಳ ಕಾವು ಕುಡಿದು ಅದೇ ಮಣ್ಣು ಈಗ 19ರಿಂದ 26 ಡಿಗ್ರಿಗೆ ಬಂದು ಕೂತಿದೆ. ಲೆಕ್ಕ ಹಾಕಿ ನೋಡಿ: 150 ಟನ್ ತೂಕದ ರೈಲು ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಬೇಕಾದರೆ ಅದರ ಚಲನಶಕ್ತಿ 20 ಮೆಗಾಜೂಲಿನ ಮೇಲೆ, ಅಂದರೆ ಹತ್ತಿರಹತ್ತಿರ 6 ಯೂನಿಟ್ ಕರೆಂಟು. ಉಜ್ಜಿ ನಿಲ್ಲಿಸುವ ಬ್ರೇಕಾದರೆ ಅಷ್ಟೂ ಶಾಖ. ಬಚ್ಚಲಿನ 1500 ವ್ಯಾಟಿನ ಗೀಸರನ್ನು ನಾಲ್ಕು ಗಂಟೆ ಉರಿಸಿದ ಹಾಗೆ, ಅದೂ ಒಂದು ನಿಲುಗಡೆಗೆ! ಮಗ ಗೀಸರ್ ಆಫ್ ಮಾಡುವುದನ್ನು ಮರೆತರೆ ಕರೆಂಟ್ ಬಿಲ್ಲು ಹಿಡಿದು ಬೀದಿಗೆ ಕೇಳುವಂತೆ ಕೂಗಾಡುವ ಯಜಮಾನರೇ ಆ ಬೆಚ್ಚನೆಯ ಗಾಳಿಗೆ ನಿಟ್ಟುಸಿರು ಬಿಡುತ್ತಿದ್ದಾರೆ.

ಮಣ್ಣಿನ ಆಳದ ಆ ಕಿರಿದಾದ ಸುರಂಗದ ರೈಲುಗಳಿಗೆ ಈವರೆಗೆ ತಂಪುಗಾಳಿಯ ಎಸಿ ಇರಲಿಲ್ಲ. ಪಿಕಡಿಲಿಯ ಹೊಸ ರೈಲಿಗೆ ಇದೆ. 2025ಕ್ಕೆ ಎಂದುಕೊಂಡಿದ್ದು 2026ಕ್ಕೆ ಜಾರಿತು. ಅಲ್ಲಿಯ ಪ್ರಯಾಣಿಕ ತಡವಾಯಿತೆಂದು ಬೈದುಕೊಂಡರೆ ಹಾಸನದ ಅಭಿಮಾನಿ "ಸದ್ಯ, ಇನ್ನೊಂದು ವರ್ಷ ಆಯುಸ್ಸು ಸಿಕ್ಕಿತು" ಎಂದು ಮೈಸೂರು ಪಾಕು ಹಂಚಿದ.

ವಾಸನೆಯ ವಿಷಯ ಎಳೆಯುವುದು ಬೇಡ. ಬ್ರೇಕ್ ಬ್ಲಾಕು ಚಕ್ರಕ್ಕೆ ಉಜ್ಜಿ ಹಾರಿದ ಕಬ್ಬಿಣದ ಪುಡಿ ಅದು. ಸಂತೇಪೇಟೆಯಲ್ಲಿ ಗ್ರೈಂಡಿಂಗ್ ಚಕ್ರವಿರುವ ಯಾವ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತರೂ ಅದರ ದಾಯಾದಿ ಮೂಗಿಗೆ ಬಡಿಯುತ್ತದೆ, ಟಿಕೆಟ್ಟಿಲ್ಲ.

ಹಳೇ ರೈಲನ್ನು ಹೇಗೆ ಪ್ರೀತಿಸಬೇಕು ಎಂಬುದಕ್ಕೆ ಲಂಡನ್ನಿನವರೇ ಒಂದು ದಾರಿ ಮಾಡಿಕೊಂಡಿದ್ದಾರೆ. 1938ರ ಮಾದರಿಯ ಕೆಂಪು ರೈಲಿನ ನಾಲ್ಕು ಬೋಗಿಗಳನ್ನು ಅಲ್ಲಿನ ಸಾರಿಗೆ ಮ್ಯೂಸಿಯಂ ಜೋಪಾನ ಮಾಡಿ, ಯಾವಾಗಲಾದರೊಮ್ಮೆ ಹೊರಗೆ ತಂದು ಟಿಕೆಟ್ ಹಚ್ಚಿ ಓಡಿಸುತ್ತದೆ. ನಮ್ಮ ಹಾಸನಾಂಬೆಯ ಬಾಗಿಲು ತೆಗೆದಂತೆ: ಕೆಲವೇ ದಿನ, ಉದ್ದ ಸಾಲು, ದರ್ಶನ, ಬಾಗಿಲು. ಒಂದೇ ವ್ಯತ್ಯಾಸ, ಅಮ್ಮನ ಮುಂದೆ ಹಚ್ಚಿಟ್ಟ ದೀಪ ವರ್ಷ ಕಳೆದರೂ ಉರಿಯುತ್ತಿರುತ್ತದೆ ಎಂದು ನಾವು ನಂಬುತ್ತೇವೆ, ರೈಲಿನ ಬ್ಯಾಟರಿ ಮಾತ್ರ ನಂಬಿಕೆಯ ಮೇಲೆ ಚಾರ್ಜ್ ಆಗುವುದಿಲ್ಲ.

ಇದೇ 1938ರ ರೈಲಿಗೆ ಇನ್ನೊಂದು ಜನ್ಮವೂ ಇತ್ತು. ಲಂಡನ್ನಿನ ಮಾರ್ಗದಿಂದ 1988ರಲ್ಲಿ ನಿವೃತ್ತಿ ಮಾಡಿದ ಮೇಲೆ ಕೆಲವನ್ನು ಐಲ್ ಆಫ್ ವೈಟ್ ಎಂಬ ದ್ವೀಪಕ್ಕೆ ಸಾಗಿಸಿದರು. ಅಲ್ಲಿನ ರೈಡ್ ಊರಿನ ಸುರಂಗದಲ್ಲಿ ನೀರು ನಿಲ್ಲುತ್ತಿತ್ತು ಎಂದು ಹಳಿಯ ಪಾತಳಿ ಎತ್ತರಿಸಿದ್ದರಿಂದ ಮಾಮೂಲಿ ಬೋಗಿಯ ನೆತ್ತಿ ಮೇಲಕ್ಕೆ ತಾಗುತ್ತದೆ, ಕುಳ್ಳ ರೈಲೇ ಆಗಬೇಕು. ಸಮುದ್ರದ ಉಪ್ಪುಗಾಳಿ ಕುಡಿದು ತುಕ್ಕು ತಿಂದುಕೊಂಡು ಅವು 2021ರ ಜನವರಿವರೆಗೆ ಓಡಿದವು. ಎಂಬತ್ತು ದಾಟಿದ ಜೀವ, ಸಹಜವಾಗಿ ಕಣ್ಣೀರು. ಆದರೆ ಅವುಗಳ ಜಾಗಕ್ಕೆ 'ಹೊಸದು' ಎಂದು ಬಂದಿದ್ದೇನು? ಲಂಡನ್ನಿನ ಡಿಸ್ಟ್ರಿಕ್ಟ್ ಮಾರ್ಗ ಬೇಡವೆಂದು ಬಿಟ್ಟ 1978ರ ಮಾದರಿಯ ಬೋಗಿಗಳು, ಮೋಟಾರು ಬದಲಿಸಿ, ಬಣ್ಣ ಬಳಿದು. ಅಜ್ಜನ ತಿಥಿಗೆ ಚಿಕ್ಕಪ್ಪನಿಗೆ ಹೊಸ ಪಂಚೆ ಉಡಿಸಿ ಮದುಮಗ ಅಂದ ಹಾಗಾಯಿತು. ನಮ್ಮ ಟೇಬಲ್ಲಿನವರು ಅಜ್ಜನಿಗೂ ಅತ್ತರು, ಚಿಕ್ಕಪ್ಪನಿಗೆ ಈಗಲೇ ಅಳಲು ಶುರುಮಾಡಿದ್ದಾರೆ.

ನೆಂಟಸ್ತಿಕೆಯ ಮಾತೇ ಆದರೆ ಅಳಬೇಕಿದ್ದ ಸಾವು ಒಂದಿತ್ತು. ದೇಶದ ಮೊದಲ ಸುರಂಗ ರೈಲು ಕೋಲ್ಕತ್ತದ್ದು, 1984ರ ಅಕ್ಟೋಬರ್ 24ರಂದು 3.4 ಕಿ.ಮೀ. ದೂರಕ್ಕೆ ಶುರುವಾಯಿತು. ಬೋಗಿ ಕಟ್ಟಿದ್ದು ಚೆನ್ನೈನ ಪೆರಂಬೂರಿನ ಬೋಗಿ ಕಾರ್ಖಾನೆ ಐಸಿಎಫ್, ವಿದ್ಯುತ್ ಉಪಕರಣ ಕೊಟ್ಟಿದ್ದು ನಮ್ಮ ಬೆಂಗಳೂರಿನ ಎನ್‌ಜಿಇಎಫ್. ಆ ಎಸಿ ಇಲ್ಲದ ರೈಲುಗಳನ್ನು ಸರಿಯಾಗಿ 37 ವರ್ಷಕ್ಕೆ, 2021ರ ಅಕ್ಟೋಬರ್ 24ರಂದು ಬೀಳ್ಕೊಟ್ಟರು. ಕನ್ನಡದ ನೆಲದ ಕೈಕೆಲಸ ಹೊತ್ತು ಓಡಿದ ರೈಲು, ಎಳ್ಳು ನೀರು ಬಿಡುವ ಹಕ್ಕು ನಮಗೆ ನಿಜವಾಗಿಯೂ ಇತ್ತು. ಅವತ್ತು ಬಿ.ಎಂ. ರಸ್ತೆಯಲ್ಲಿ ಒಂದು ಲೋಟವೂ ಅಲುಗಲಿಲ್ಲ. ಕೋಲ್ಕತ್ತದ ಬೆವರಿಗೆ ಕಪ್ಪುಬಿಳುಪು ಫೋಟೋದಲ್ಲಿ ಆ ಕಳೆ ಬರುವುದಿಲ್ಲವೇನೋ. ಅಲ್ಲಿಯವರಂತೂ 2010ರಲ್ಲಿ ಎಸಿ ರೈಲು ಬಂದ ಮೇಲೆ ಎದುರಿಗೆ ನಿಂತ ಹಳೆಯದನ್ನು ಬಿಟ್ಟು ಮುಂದಿನದಕ್ಕೆ ಕಾದವರೇ. ಹಳೆಯ ರೈಲಿನ ಮೇಲಿನ ಪ್ರೀತಿ ಅದರಿಂದ ಇರುವ ದೂರಕ್ಕೆ ಸರಿಯಾಗಿ ಹೆಚ್ಚುತ್ತದೆ. ಹಾಸನದಿಂದ ಲಂಡನ್ ಬಹಳ ದೂರ.

ಸುರಂಗ ಹತ್ತಿರದಲ್ಲಿಲ್ಲವೇ? ಇದೆಯಲ್ಲ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., 57 ಸುರಂಗ, 50 ಅಡಿಗೆ ಒಂದಡಿ ಏರು. ಏರಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು, ವೇಗ ಗಂಟೆಗೆ 30 ಕಿ.ಮೀ. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ರೈಲೇ ಇಲ್ಲದಿದ್ದಾಗ ಶಿರಾಡಿ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಮಂಗಳೂರಿಗೆ ಹೋದವರಿಗೆ ಹಳೇ ರೈಲಿನ ಹಂಬಲ ಇದ್ದರೆ ಒಪ್ಪೋಣ. ಈಗ ಅಳುತ್ತಿರುವುದು ಅವರಲ್ಲ. ಐಸಿಎಫ್ ಮಾದರಿಯ ನೀಲಿ ಬೋಗಿ ಹೋಗಿ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿ ಬಂತಲ್ಲ, ಅದಕ್ಕೆ ಅಳುವವರು.

2018ರ ಜನವರಿಯಲ್ಲಿ ಪೆರಂಬೂರು ಆ ಮಾದರಿ ಕಟ್ಟುವುದನ್ನೇ ನಿಲ್ಲಿಸಿತು. ಅದರ ಫ್ಯಾನು 110 ವೋಲ್ಟ್ ಡಿಸಿಯದು. ಕದ್ದೊಯ್ದರೆ ಮನೆಯ 230 ವೋಲ್ಟ್ ಎಸಿಗೆ ಆಗುವುದಿಲ್ಲ ಎಂಬುದೇ ಅದರ ಕಾವಲು. ಬ್ರಷ್ಷು ಸವೆದರೆ ಸ್ವಿಚ್ ಹಾಕಿದರೂ ನಿಂತೇ ಇರುತ್ತದೆ. ಆಗ ಜೇಬಿನ ಬಾಚಣಿಗೆ ತೆಗೆದು ಜಾಲರಿಯ ಸಂದಿಯಿಂದ ರೆಕ್ಕೆಗೆ ಒಂದು ತಟ್ಟು ಕೊಡಬೇಕು, ತಟ್ಟಿದ ಕೈಯನ್ನು ರೆಕ್ಕೆಗಿಂತ ಮೊದಲು ಹಿಂದಕ್ಕೆ ಎಳೆದುಕೊಳ್ಳಬೇಕು. ಕಿಟಕಿಯ ಷಟರಿಗೆ ಎರಡೂ ಬದಿಯ ಚಿಲಕವನ್ನು ಒಟ್ಟಿಗೇ ಒತ್ತಬೇಕು. ಒಂದು ಒತ್ತಿ ಇನ್ನೊಂದು ಬಿಟ್ಟರೆ ಷಟರು ಓರೆಯಾಗಿ ಕಚ್ಚಿಕೊಳ್ಳುತ್ತದೆ, ಎಡಕುಮೇರಿಯ ಮಳೆ ಅಷ್ಟೂ ಮಡಿಲಿಗೆ. ತಾನಾಗಿ ಬಿದ್ದರೆ ಬೆರಳಿನ ಮೇಲೆಯೇ ಬೀಳುತ್ತದೆ. ಬೋಗಿಗಳ ನಡುವಿನ ಬಫರು ಗುದ್ದುವ 'ಆ ಲಯ' ಇದೆಯಲ್ಲ, ಅದಕ್ಕೆ ಸ್ಕ್ರೂ ಕಪ್ಲಿಂಗ್ ಬೇಕು. ಸ್ಕ್ರೂ ಕಪ್ಲಿಂಗ್ ಬಿಗಿಯಲು ಒಬ್ಬ ಮನುಷ್ಯ ಎರಡು ಬೋಗಿಗಳ ನಡುವೆ ಬಗ್ಗಿ ನುಗ್ಗಿ, ಕೊಂಡಿ ಎತ್ತಿ ಸಿಕ್ಕಿಸಿ, ಕೈಯಿಂದ ತಿರುಗಿಸಬೇಕು. ಎಂಜಿನ್ ಒಂದು ಅಡಿ ತಪ್ಪಿ ಸರಿದರೂ ಅವನು ಬಫರುಗಳ ಮಧ್ಯೆ. ಎಲ್‌ಎಚ್‌ಬಿಯ ಕಪ್ಲರು ತಂತಾನೇ ಕಚ್ಚಿಕೊಳ್ಳುತ್ತದೆ. ಹೊರಡುವಾಗ ಒಂದು ಜಗ್ಗು ಕೊಡುತ್ತದೆ, ನಿಜ, ಕಾಫಿ ಚೆಲ್ಲುತ್ತದೆ. ಕಾಫಿ ಚೆಲ್ಲಿದವರ ಲೇಖನಗಳು ಬಹಳ ಬಂದವು. ಕೊಂಡಿ ಬಿಗಿಯುತ್ತಿದ್ದವನು ಒಂದನ್ನೂ ಬರೆದಿಲ್ಲ.

ಇಷ್ಟಾದ ಮೇಲೂ ದುಃಖ ಇಳಿಯದವರಿಗೆ ಊರೂರಲ್ಲಿ ಹಳೇ ಬೋಗಿಯ ಹೋಟೆಲುಗಳಾಗಿವೆ. ಒಳಗೆ ಎಸಿ. ಕಿಟಕಿ ಮುಚ್ಚಿ ಸೀಲ್ ಮಾಡಿ, ಹಳೇ ಬೋಗಿಯ ಗಾಳಿಯ ಸುಖದ ಬಗ್ಗೆ ಮಾತಾಡುತ್ತಾ ಗೋಬಿ ಮಂಚೂರಿ ತಿನ್ನಬಹುದು. ಚಿಕ್ಕಮಗಳೂರು ಕಡೆಯ ಎಸ್ಟೇಟ್ ಹೋಂಸ್ಟೇಗಳು ಇದನ್ನೂ ಮೀರಿಸಿ ಲಂಡನ್ ಸುರಂಗದ್ದೇ ಕೋಣೆ ಮಾಡಲು ಹೊರಟರೆ ಆಶ್ಚರ್ಯವಿಲ್ಲ. ಮಾಡುವುದಾದರೆ ಅಳತೆ ತಪ್ಪಬಾರದು. ಆಳದ ಸುರಂಗದ ವ್ಯಾಸ ಸುಮಾರು 3.56 ಮೀಟರು, ಕಾಫಿ ಒಣಗಿಸುವ ಪಾಲಿಹೌಸಿನ ಕಮಾನನ್ನೇ ಸ್ವಲ್ಪ ಬಗ್ಗಿಸಿಕೊಳ್ಳಬಹುದು. ಬಾಗಿಲ ಬಳಿ ನಿಂತವರ ತಲೆ ಬಾಗಲೇಬೇಕು, ನೇರ ನಿಂತರೆ ಅದು ಸುಳ್ಳು ಸುರಂಗ. ಹಳಿ ಎರಡು ಹಾಕಿ ಕೈತೊಳೆದುಕೊಳ್ಳಬೇಡಿ, ಲಂಡನ್ನಿನದು ನಾಲ್ಕು ಹಳಿ: ಚಕ್ರಕ್ಕೆ ಎರಡು, ಕರೆಂಟು ಬರಲು ಬದಿಯಲ್ಲೊಂದು, ಹೋಗಲು ನಡುವೆ ಒಂದು. ಬಚ್ಚಲಿನ ಮೆಟ್ಟಿಲಿಗೆ ಲಂಡನ್ ಸ್ಟೇಷನ್ನಿನ 'ಮೈಂಡ್ ದಿ ಗ್ಯಾಪ್' (ಸಂದಿ ಜೋಕೆ) ಬೋರ್ಡು ಹೊಡೆಯುವವರು ಮೆಟ್ಟಿಲನ್ನು ಮೊದಲು ಬಾಗಿಸಿ ಕಟ್ಟಲಿ. ಬಾಗಿದ ಪ್ಲಾಟ್‌ಫಾರಂ ಪಕ್ಕ ನೇರ ಬೋಗಿ ನಿಂತರೆ ಬೀಳುವ ಸಂದಿಗೆ ಹುಟ್ಟಿದ ಮಾತು ಅದು. ಕಾವಿಗೆ 2000 ವ್ಯಾಟಿನ ಹೀಟರು ಎರಡು ಸಾಕು, ಒಂದೊಂದಕ್ಕೂ ಸುಮಾರು 9 ಆಂಪಿಯರು, 16 ಆಂಪಿಯರಿನ ಬೇರೆ ಬೇರೆ ಪ್ಲಗ್ಗೇ ಬೇಕು. 6 ಆಂಪಿಯರಿನದಕ್ಕೆ ಸಿಕ್ಕಿಸಿದರೆ ಪ್ಲಗ್ಗು ಕರಗಿ ವಾಸನೆ ಬರುತ್ತದೆ, ಅಭಿಮಾನಿಗಳು ಅದನ್ನೂ ಹಳೇ ರೈಲಿನದೇ ಅಂದುಕೊಂಡು ಕೂತಿರುವ ಅಪಾಯವಿದೆ. ಹೀಟರನ್ನು ಏಪ್ರಿಲ್‌ನಲ್ಲೇ ಹಾಕಬೇಕು. ಡಿಸೆಂಬರಿನಲ್ಲಿ ಹಾಕಿದರೆ ಅತಿಥಿಗೆ ಹಿತವಾಗಿ ಇಡೀ ಉದ್ದೇಶ ಹಾಳು.

ಕೊನೆಗೆ ಜನ. ಹತ್ತಡಿ ಹತ್ತಡಿ ಕೋಣೆಗೆ ಚದರ ಮೀಟರಿಗೆ 6 ಜನ ಹಿಡಿದರೆ ಸುಮಾರು 55 ಮಂದಿ ನಿಲ್ಲಬೇಕು. ಅಷ್ಟೂ ಜನ ನಲವತ್ತು ನಿಮಿಷ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ಹೋಂಸ್ಟೇಯವರಿಗೆ ಲಾಭ, ಬಾಡಿಗೆ ತಲೆ ಲೆಕ್ಕ.

ಹನ್ನೊಂದನೇ ದಿನ ಎಡೆ ಇಡುವುದಿದ್ದರೆ ಹಾಸನ ಸ್ಟೇಷನ್ನಿನ ಹೊರಗಿನ ಗೋಡೆಯ ಮೇಲೆ ಇಡಿ, ಅಲ್ಲಿ ಕಾಗೆಗೆ ಕೊರತೆಯಿಲ್ಲ. ಮುದ್ದೆ, ಅನ್ನ, ವಡೆ, ಒಂದು ಲೋಟ ಕಾಫಿ. ಕಾಗೆ ಸುಲಭಕ್ಕೆ ಮುಟ್ಟುವುದಿಲ್ಲ, ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಒಬ್ಬೊಬ್ಬರಾಗಿ ಮಾತು ಕೊಟ್ಟು ನೋಡಿ. "ನಿನ್ನ ಸದ್ದನ್ನ ರಿಂಗ್‌ಟೋನ್ ಮಾಡ್ಕೋತೀವಿ" ಅನ್ನಿ, ಕಾಗೆ ಕತ್ತು ತಿರುಗಿಸುತ್ತದೆ. "ಸರ್ಕಲ್ಲಿನಲ್ಲಿ ನಿನ್ನ ಬೋಗಿ ನಿಲ್ಲಿಸಿ ಸೆಲ್ಫಿ ಪಾಯಿಂಟ್ ಮಾಡ್ತೀವಿ" ಅನ್ನಿ, ಒಂದು ಹೆಜ್ಜೆ ಹಿಂದಕ್ಕೆ. ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ, ಒಂದು ರೈಲಿನ ಹೊಟ್ಟೆ ಬಗೆದು ಇನ್ನೊಂದಕ್ಕೆ ಜೋಡಿಸಿ, ಬಿರುಕಿಗೆ ವೆಲ್ಡಿಂಗ್ ಹಾಕಿ, ಮತ್ತೆ ಬೆಳಗಿನ ಪಾಳಿಗೆ ಎಬ್ಬಿಸುವುದು ಹಳೇ ರೈಲಿನ ಕೊನೆಯ ವರ್ಷಗಳ ಪಾಡು. ಅದನ್ನು ಬಲ್ಲವರು ಯಾರಾದರೂ ಗುಂಪಿನಲ್ಲಿದ್ದರೆ ಅವರು ಮುಂದೆ ಬಂದು, "ಇನ್ನು ನಿನ್ನ ಎಬ್ಬಿಸಲ್ಲ ಕಣಪ್ಪಾ, ಮಲಕ್ಕೋ" ಅನ್ನಲಿ.

ಕಾಗೆ ವಡೆಯನ್ನು ಮೊದಲು ಎತ್ತುತ್ತದೆ.