ಬೊಜ್ಜು ‘ಕರಗುತ್ತದೆ’ ಎಂಬ ಮಾತಿನ ತೊಡಕು

ಚಳಿಗಾಲ ಬಂತೆಂದರೆ ಮೊಬೈಲಿನ ಪರದೆಯ ಮೇಲೆ ಒಂದೇ ಬಗೆಯ ವಿಡಿಯೊಗಳು ಸಾಲುಗಟ್ಟುತ್ತವೆ. ಹೊಟ್ಟೆಗೆ ಬೆಚ್ಚಗಿನ ಎಣ್ಣೆ ಹಚ್ಚಿ ಹತ್ತು ನಿಮಿಷ ನೀವಿಕೊಳ್ಳಿ, ಅದರ ಮೇಲೆ ಬಿಸಿನೀರಿನ ಚೀಲ ಇಡಿ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಮಲಗಿ, ತಿಂಗಳೊಳಗೆ ಸೊಂಟ ಸಣ್ಣಗಾಗುತ್ತದೆ ಎಂಬುದು ಅವುಗಳ ಸಾರ. ಎರಡು ವರ್ಷಗಳ ಹಿಂದೆ ನಾನೂ ಇದನ್ನು ನಂಬಿ 40 ದಿನ ಬಿಡದೆ ನಡೆಸಿದವಳು. ಆದ್ದರಿಂದ ಈ ಬರಹದಲ್ಲಿ ಲೇವಡಿಯೇನಾದರೂ ಕಂಡರೆ ಅದರ ಮೊದಲ ಪಾಲು ನನಗೇ ಸಲ್ಲಬೇಕು.

ನನ್ನನ್ನು ದಾರಿ ತಪ್ಪಿಸಿದ್ದು ಎಣ್ಣೆಯಲ್ಲ, ಶಾಖವೂ ಅಲ್ಲ. ‘ಕರಗು’ ಎಂಬ ಒಂದು ಕ್ರಿಯಾಪದ. ಬೊಜ್ಜು ಕರಗಿಸುವುದು ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆಂದರೆ, ಕೊಬ್ಬು ಚರ್ಮದಡಿಯಲ್ಲಿ ಗಟ್ಟಿಯಾಗಿ ಕುಳಿತಿದೆ, ಚಳಿಗೆ ಇನ್ನಷ್ಟು ಹೆಪ್ಪುಗಟ್ಟಿದೆ, ಬಿಸಿ ತಾಗಿಸಿ ಒತ್ತಿದರೆ ತುಪ್ಪದಂತೆ ಹರಿದುಹೋಗುತ್ತದೆ ಎಂಬ ಚಿತ್ರ ತಾನಾಗಿಯೇ ಮನಸ್ಸಿನಲ್ಲಿ ಮೂಡುತ್ತದೆ. ವಾಸ್ತವದಲ್ಲಿ ಮೈಯೊಳಗಿನ ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಮ್ಮ ಕೊಬ್ಬಿನ ಬಹುಪಾಲು ಆಗಲೇ ದ್ರವರೂಪದಲ್ಲಿರುತ್ತದೆ. ಕೊಬ್ಬಿನ ಕೋಶಗಳೊಳಗೆ ಹನಿಯಾಗಿ ನಿಂತಿರುವುದನ್ನು ಮತ್ತೆ ಕರಗಿಸುವುದೆಂದರೇನು? ಅದು ದೇಹದಿಂದ ಹೊರಗೆ ಹೋಗಬೇಕಾದರೆ ಮೊದಲು ಕೋಶದೊಳಗೆ ವಿಭಜನೆಯಾಗಿ, ರಕ್ತಕ್ಕೆ ಸೇರಿ, ಸ್ನಾಯುಗಳಂತಹ ಅಂಗಾಂಶಗಳನ್ನು ತಲುಪಿ, ಅಲ್ಲಿ ಆಮ್ಲಜನಕದೊಡನೆ ಉರಿಯಬೇಕು. ಹಾಗೆ ಉರಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು: 10 ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಬೊಜ್ಜು ಹೋಗುವ ಹೆಬ್ಬಾಗಿಲು ಮೂಗು ಎಂದಾಯಿತು. ನಾನೋ 40 ದಿನ ಹೊಟ್ಟೆಯ ಚರ್ಮದ ಮೇಲೆ ಬಾಗಿಲು ಹುಡುಕುತ್ತಿದ್ದೆ.

ಹಾಗಿದ್ದರೂ ಈ ವಿಧಾನ ಫಲ ಕೊಡುತ್ತಿದೆ ಎಂದು ಮೊದಲ ವಾರದಲ್ಲಿ ನನಗೆ ಖಚಿತವಾಗಿಯೇ ಅನ್ನಿಸಿತ್ತು. ಹಬೆ ತೆಗೆದುಕೊಂಡು, ದಪ್ಪ ಹೊದಿಕೆಯೊಳಗೆ ಅರ್ಧ ಗಂಟೆ ಬೆವರಿ, ತೂಕದ ಯಂತ್ರದ ಮೇಲೆ ನಿಂತರೆ 700 ಗ್ರಾಂ ಕಡಿಮೆ. ರಾತ್ರಿಯೊಳಗೆ ನೀರು ಕುಡಿದು ಆ 700 ಗ್ರಾಂ ಮರಳಿ ಬಂದಾಗ, ಅದು ಬೇರೆಯ ತೂಕವೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಬೆವರೆಂದರೆ ನೀರು ಮತ್ತು ಒಂದಿಷ್ಟು ಲವಣ. ಅದು ಕೊಬ್ಬಿನ ಕಣ್ಣೀರು ಎಂಬ ಮಾತು ಕೇಳಲು ಚೆನ್ನಾಗಿದೆ ಅಷ್ಟೆ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕೆಂಬ ನಿಜವಾದ ಅಂಕಿಯನ್ನು ಹಿಡಿದುಕೊಂಡು, ಅಷ್ಟು ಕೊಬ್ಬು ಉರಿಯಿತೆಂದು ವಾದಿಸುವವರೂ ಇದ್ದಾರೆ. ಹಬೆಯ ಕೋಣೆಯಲ್ಲಿ ಮೈಗೆ ಏರಿದ ಆ ಶಾಖದ ಹೆಚ್ಚಿನ ಪಾಲು ಹೊರಗಿನಿಂದ ಬಂದದ್ದು. ಬೆವರು ಅದನ್ನು ಮರಳಿ ಹೊರಗೆ ಸಾಗಿಸುತ್ತದೆಯೇ ಹೊರತು ಒಳಗಿನ ದಾಸ್ತಾನಿಗೆ ಕೈ ಹಾಕುವುದಿಲ್ಲ.

ಅಳತೆಪಟ್ಟಿಯ ಕಥೆ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿದ ಕೂಡಲೇ ಅಳೆದರೆ ಸುತ್ತಳತೆ ಒಂದೂವರೆ ಸೆಂಟಿಮೀಟರ್ ತಗ್ಗಿರುತ್ತಿತ್ತು. ಒತ್ತಡಕ್ಕೆ ಚರ್ಮದಡಿಯ ದ್ರವ ಪಕ್ಕಕ್ಕೆ ಸರಿದಿರುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಬಿಗಿಯಾದ ಕಾಲುಚೀಲ ಕಳಚಿದಾಗ ಉಳಿಯುವ ಗೆರೆಯ ಹಾಗೆಯೇ. ಅದರ ಜೊತೆಗೆ, ಫಲಿತಾಂಶ ಬೇಕೆಂದು ಕಾದಿರುವ ಕೈ ಅಳತೆಪಟ್ಟಿಯನ್ನು ತುಸು ಹೆಚ್ಚೇ ಎಳೆಯುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಮೂರು ವಾರ ಬೇಕಾಯಿತು.

ಇನ್ನು ಮಾಲೀಶಿನ ವಿಚಾರ. ಎಲ್ಲಿ ಒತ್ತುತ್ತೇವೆಯೋ ಅಲ್ಲಿಯ ಕೊಬ್ಬು ಒಡೆಯುತ್ತದೆ ಎಂಬ ನಂಬಿಕೆ ಹೊಸದೇನಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಝಾಂಡರ್ 19ನೇ ಶತಮಾನದಲ್ಲಿಯೇ ಮೈಯನ್ನು ತಟ್ಟುವ, ತಿಕ್ಕುವ, ಅದುರಿಸುವ ಯಂತ್ರಗಳನ್ನು ರೂಪಿಸಿದ್ದ. 20ನೇ ಶತಮಾನದ ನಡುವಿನಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಗಡಗಡ ನಡುಗಿಸುವ ಯಂತ್ರಗಳು ಮನೆಗಳಿಗೂ ಬಂದವು, ನಡುಗಿಸಿ ನಡುಗಿಸಿ ಕೊನೆಗೆ ಮೂಲೆ ಸೇರಿದವು. ಕೊಬ್ಬಿನ ಕೋಶ ತನ್ನೊಳಗಿನದನ್ನು ಬಿಟ್ಟುಕೊಡಬೇಕೆಂಬ ಆಜ್ಞೆ ಹೋಗುವುದು ಮುಖ್ಯವಾಗಿ ಹಾರ್ಮೋನುಗಳ ಮತ್ತು ನರಗಳ ಮೂಲಕ; ಹೊರಗಿನ ಬೆರಳಿನ ಒತ್ತಡ ಅದಕ್ಕೆ ಆಜ್ಞೆಯಲ್ಲ. ಬೆರಳಿನ ಮಾತು ಹಾಗಿರಲಿ, ಅದೇ ಜಾಗದ ಸ್ನಾಯು ವರ್ಷಗಟ್ಟಲೆ ದುಡಿದರೂ ಅಲ್ಲಿಯದೇ ಕೊಬ್ಬು ವಿಶೇಷವಾಗಿ ಕಡಿಮೆಯಾಗುವುದಿಲ್ಲ ಎಂಬುದನ್ನು 1971ರ ಒಂದು ಅಧ್ಯಯನ ಟೆನಿಸ್ ಆಟಗಾರರ ತೋಳುಗಳನ್ನು ಅಳೆದು ತೋರಿಸಿತ್ತು: ಆಡುವ ತೋಳು ದಪ್ಪಗಿತ್ತು, ಆದರೆ ಚರ್ಮದಡಿಯ ಕೊಬ್ಬಿನ ಪದರ ಎರಡೂ ತೋಳುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಶಕ್ತಿವ್ಯಯದ ಲೆಕ್ಕ ನೋಡಿದರೆ ಮಾಲೀಶು ಮಾಡುವವರಿಗೆ ವಿಶ್ರಾಂತಿಯಲ್ಲಿರುವಾಗಿನ ಸುಮಾರು ನಾಲ್ಕು ಪಟ್ಟು ಶಕ್ತಿ ಬೇಕು, ಮಲಗಿ ಮಾಡಿಸಿಕೊಳ್ಳುವವರಿಗೆ ಹೆಚ್ಚೇನೂ ಬೇಡ. ಸಣ್ಣಗಾಗುವುದೇ ಗುರಿಯಾದರೆ ಮಲಗಿದವರೂ ಒತ್ತುವವರೂ ಜಾಗ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಆದರೆ ಮಾಲೀಶಿನಿಂದ ಏನೂ ಆಗುವುದಿಲ್ಲ ಎನ್ನುವವರ ಪಕ್ಷಕ್ಕೂ ನಾನು ಸೇರಲಾರೆ. ಹೊಟ್ಟೆಯ ಬಲಭಾಗದಲ್ಲಿ ಕೆಳಗಿನಿಂದ ಮೇಲಕ್ಕೆ, ಪಕ್ಕೆಲುಬುಗಳ ಕೆಳಗೆ ಅಡ್ಡಲಾಗಿ, ಎಡಭಾಗದಲ್ಲಿ ಕೆಳಕ್ಕೆ, ಅಂದರೆ ದೊಡ್ಡ ಕರುಳು ಸಾಗುವ ದಾರಿಯಲ್ಲಿಯೇ ಹಗುರವಾಗಿ ನೀವಿದರೆ ಮಲಬದ್ಧತೆ ಇರುವವರಿಗೆ ಆರಾಮವಾಗಬಹುದು. ಚಳಿಗಾಲದಲ್ಲಿ ಬಾಯಾರಿಕೆ ತಗ್ಗಿ ನೀರು ಕುಡಿಯುವುದು ಕಡಿಮೆಯಾಗಿ, ಓಡಾಟವೂ ಕುಗ್ಗಿ ಹೊಟ್ಟೆ ಬಿಗಿದುಕೊಳ್ಳುವುದು ಹೊಸತಲ್ಲ. ಆ ಬಿಗಿ ಸಡಿಲಿದಾಗ ಹೊಟ್ಟೆ ಚಪ್ಪಟೆಯಾದಂತೆ ಕಾಣುತ್ತದೆ, ಆ ಹಗುರತನ ಸುಳ್ಳಲ್ಲ. ಇಳಿದದ್ದು ಉಬ್ಬರ, ಬೊಜ್ಜಲ್ಲ ಎಂಬಷ್ಟನ್ನು ತಿಳಿದಿದ್ದರೆ ಸಾಕು.

ಶಾಖದ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 40 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಕುಳಿತವರನ್ನು ಪರೀಕ್ಷಿಸಿ, ಆ ಅವಧಿಯಲ್ಲಿ ಸುಮಾರು 140 ಕಿಲೋಕ್ಯಾಲೊರಿ ವ್ಯಯವಾಯಿತೆಂದು 2017ರಲ್ಲಿ ವರದಿ ಮಾಡಿದರು. ಸುದ್ದಿಯಲ್ಲಿ ಅದು ಅರ್ಧ ಗಂಟೆಯ ನಡಿಗೆಗೆ ಸಮ ಎಂದು ಮೆರೆಯಿತು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುತ್ತದೆ. ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಪಾಲನ್ನು ಕಳೆಯದೆ ಧಾರಾಳವಾಗಿ ಲೆಕ್ಕ ಹಾಕಿದರೂ 55 ಗಂಟೆ ಬಿಸಿನೀರಿನಲ್ಲಿ ಕುಳಿತಿರಬೇಕು. ನಡೆದಾಡಲಾಗದವರಿಗೆ ಅಂತಹ ಸ್ನಾನದಿಂದ ರಕ್ತದ ಸಕ್ಕರೆಯ ವಿಚಾರದಲ್ಲಿ ಪ್ರಯೋಜನವಾದೀತೇ ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು. ಸೊಂಟದ ಆಸೆಯನ್ನು ಅದಕ್ಕೆ ಅಂಟಿಸಿದವರು ನಾವು.

ವಿಚಿತ್ರವೆಂದರೆ, ಚಳಿಗಾಲದಲ್ಲಿ ದೇಹಕ್ಕೆ ಹೆಚ್ಚು ಉರುವಲು ಬೇಕಾಗುವುದು ಬೆಚ್ಚಗಿರುವಾಗಲ್ಲ, ಚಳಿ ತಾಗಿದಾಗ. ಶಾಖ ಹುಟ್ಟಿಸುವುದೇ ಕಸುಬಾಗಿರುವ ಕಂದು ಕೊಬ್ಬು ವಯಸ್ಕರಲ್ಲಿಯೂ ಇದೆ, ತಂಪಿಗೆ ಅದು ಎಚ್ಚೆತ್ತುಕೊಳ್ಳುತ್ತದೆ ಎಂಬುದು 2009ರ ಸಂಶೋಧನೆಗಳಿಂದ ಸ್ಪಷ್ಟವಾಯಿತು. ನಾವು ಅದಕ್ಕೆ ಬಿಸಿನೀರಿನ ಚೀಲ ಹೊದಿಸಿ ಮಲಗಿಸುತ್ತೇವೆ. ಹಾಗೆಂದು ಚಳಿಯಲ್ಲಿ ನಡುಗುತ್ತ ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಅದರಿಂದ ಹಸಿವೂ ಕೆರಳುತ್ತದೆ.

ಕ್ಲಿನಿಕ್ಕುಗಳಲ್ಲಿ ಕೊಬ್ಬಿನ ಪದರವನ್ನು ಬಿಸಿ ಮಾಡಿಯೋ ತಂಪು ಮಾಡಿಯೋ ಕೋಶಗಳನ್ನು ನಾಶಪಡಿಸುವ ಯಂತ್ರಗಳಿವೆ, ನಿಜ. ಅವು ಚರ್ಮವನ್ನು ಕಾಪಾಡಿಕೊಂಡು ಒಳಪದರವನ್ನಷ್ಟೇ ಗುರಿಯಿಡುವಂತೆ ರೂಪುಗೊಂಡವು. ಮನೆಯ ಶಾಖ ಹೊರಗಿನಿಂದ ಒಳಕ್ಕೆ ಹೋಗುವುದರಿಂದ, ಕೊಬ್ಬಿಗೆ ತಾಗುವ ಮೊದಲು ಚರ್ಮವೇ ಬೇಯುತ್ತದೆ. 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡುಗಳಲ್ಲಿ ಗಂಭೀರ ಸುಟ್ಟಗಾಯ ಮಾಡಬಲ್ಲದು. ಅಷ್ಟು ಬಿಸಿಯಿಲ್ಲದ ಚೀಲವನ್ನೂ ದಿನವೂ ಅದೇ ಜಾಗದಲ್ಲಿ ಗಂಟೆಗಟ್ಟಲೆ ಇಟ್ಟರೆ ಚರ್ಮದ ಮೇಲೆ ಬಲೆಯಂತಹ ಕಂದು ಗೆರೆಗಳು ಮೂಡುತ್ತವೆ. ನನ್ನ ಹೊಟ್ಟೆಯ ಎಡಭಾಗದಲ್ಲಿ ಅಂಥದ್ದೊಂದು ಮಸುಕು ನಕ್ಷೆ ಆ ಚಳಿಗಾಲ ಕಳೆದು ಆರು ತಿಂಗಳಾದರೂ ಉಳಿದಿತ್ತು. ಪ್ಲಾಸ್ಟಿಕ್ ಸುತ್ತಿಕೊಂಡು ವ್ಯಾಯಾಮ ಮಾಡುವ ವಿಧಾನವಂತೂ ನೇರವಾಗಿ ಅಪಾಯಕಾರಿ: 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಬೆವರು ಆರಲು ಬಿಡದ ಉಡುಪು ತೊಟ್ಟು, ನೀರು ಬಿಟ್ಟು ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು, ಅನಂತರ ಅಲ್ಲಿಯ ಕಾಲೇಜು ಕುಸ್ತಿಯಲ್ಲಿ ಅಂತಹ ಉಡುಪುಗಳನ್ನೇ ನಿಷೇಧಿಸಲಾಯಿತು. ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರು ಬಿಸಿ ಚೀಲವನ್ನು ತಮ್ಮ ಅಂದಾಜಿನ ಮೇಲೆ ಬಳಸಬಾರದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನವಿದ್ದರೆ, ಅಂದರೆ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಅದನ್ನು ತಿಕ್ಕಲೇಬಾರದು, ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರಿಗೂ ಹೊಟ್ಟೆಯ ಮೇಲಿನ ಶಾಖ, ಒತ್ತಡ ಸಲ್ಲದು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಎಣ್ಣೆಯನ್ನು ಬಿಟ್ಟಿಲ್ಲ. ಚಳಿಗೆ ಸೆಟೆದ ಸೊಂಟಕ್ಕೂ ಮೊಣಕಾಲಿಗೂ ಬೆಳಿಗ್ಗೆ ಹತ್ತು ನಿಮಿಷ ನೀವಿ, ಚೀಲಕ್ಕೆ ಕುದಿಯದ ಬಿಸಿನೀರನ್ನು ಮುಕ್ಕಾಲು ಭಾಗದೊಳಗೆ ತುಂಬಿ, ಒಳಗಿನ ಗಾಳಿ ತೆಗೆದು, ದಪ್ಪ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟುಕೊಂಡರೆ ಕೀಲುಗಳು ಸಡಿಲಾಗುತ್ತವೆ. ಮುಂಚೆ ಅದಾದ ಮೇಲೆ ಹೊದ್ದು ಮಲಗುತ್ತಿದ್ದೆ. ಈಗ ಆ ಸಡಿಲಿಕೆ ಆರುವ ಮೊದಲೇ ಕಾಲುಚೀಲ ಹಾಕಿಕೊಂಡು 45 ನಿಮಿಷ ಬಿರುಸಾಗಿ ನಡೆಯುತ್ತೇನೆ. ಹಿಂದಿರುಗುವಾಗ ಬಾಯಿಂದ ಹೊರಡುವ ಬಿಳಿ ಹಬೆಯನ್ನು ನೋಡುತ್ತ, ಇದರೊಡನೆ ಕಣ್ಣಿಗೆ ಕಾಣದಂತೆ ಎಷ್ಟು ಗ್ರಾಂ ಹೋಯಿತೆಂದು ಲೆಕ್ಕ ಹಾಕುವ ಚಟ ಮಾತ್ರ ಇನ್ನೂ ಹೋಗಿಲ್ಲ.